ಡಚ್ ಪದ ಎಲ್ಲಿ ಒಡೆಯುತ್ತದೆ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ,

ನೆದರ್‌ಲ್ಯಾಂಡ್ಸ್‌ಗೆ ಕೆಲಸಕ್ಕೆ ಹೋಗುವ ಕನ್ನಡಿಗರಿಗೆ ಅಲ್ಲಿಯ ಉದ್ದುದ್ದ ಸಮಾಸ ಪದಗಳನ್ನು ಓದಲು ಕಲಿಸುವ ನಿಮ್ಮ ಲೇಖನ ಓದಿದೆ. ಈಗಿರುವಂತೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ವಿಷಯ ಚೆನ್ನಾಗಿದೆ.

ಮುಖ್ಯ ತೊಂದರೆ ಇದು: ಡಚ್ ಪದವನ್ನು ನೀವು ನಮ್ಮ ಅಕ್ಷರದ ಲೆಕ್ಕದಲ್ಲಿ ಒಡೆದಿದ್ದೀರಿ. ಪೊಲೀಸರ ಒಂದು ದರ್ಜೆಯನ್ನು ‘ಹೋಫ್-ಡಾ-ಖೆಂಟ್’ ಎಂದು ಬರೆದಿದ್ದೀರಿ. ಅದು ‘ಹೋಫ್ಡ್’ ಮತ್ತು ‘ಆಖೆಂಟ್’, ಅಂದರೆ ಮುಖ್ಯ ಮತ್ತು ಪೊಲೀಸ್. ಮೊದಲ ಪದದ ಕೊನೆಯ ವ್ಯಂಜನ ಮುಂದಿನ ಸ್ವರಕ್ಕೆ ಅಂಟುವುದಿಲ್ಲ. ಅಲ್ಲೇ ನಿಂತು, ಗಟ್ಟಿಯಾಗಿ ‘ಟ್’ ಆಗುತ್ತದೆ: ಹೋಫ್ಟ್-ಆ-ಖೆಂಟ್. ಬರೆಯುವಾಗ ಮಾತ್ರ ‘ಡ್’ ಉಳಿಯುತ್ತದೆ. ನಮ್ಮಲ್ಲಿ ಮಳೆ, ಕಾಲ ಸೇರಿದರೆ ಮಳೆಗಾಲ. ಗಟ್ಟಿ ‘ಕ’ ಮೆತ್ತಗಾಗಿ ‘ಗ’ ಆಗುತ್ತದೆ. ಇಲ್ಲಿ ಅದರ ತಿರುಗುಮುರುಗು! ಶಾಲೆಯಲ್ಲಿ ಆದೇಶ ಸಂಧಿ ಓದಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಇದನ್ನೇ ಜಾಸ್ತಿ ಬರೆಯಿರಿ. ಭಾಷೆಯ ಇತಿಹಾಸದ ಎರಡು ಪುಟ ಬೇಡ.

‘ಒತ್ತು ಯಾವಾಗಲೂ ಮೊದಲ ಪದಕ್ಕೆ’ ಎಂದಿದ್ದೀರಿ. (ಒತ್ತು ಅಂದರೆ ಒತ್ತಕ್ಷರವಲ್ಲ, ಪದದ ಒಂದು ಭಾಗವನ್ನು ಒತ್ತಿ ಹೇಳುವುದು.) ಬಹಳ ಕಡೆ ನಿಜ, ಎಲ್ಲ ಕಡೆ ಅಲ್ಲ. ತರಕಾರಿ ಅಂಗಡಿಯಲ್ಲೇ ನೋಡಿ. ಹೂಕೋಸು ‘ಬ್ಲೂಮ್‌ಕೋಲ್’, ಒತ್ತು ಬ್ಲೂಮ್ ಮೇಲೆ. ಕೇಲ್ ಸೊಪ್ಪು ‘ಬೂರೆನ್‌ಕೋಲ್’, ಅಲ್ಲಿ ಒತ್ತು ಕೋಲ್ ಮೇಲೆ. ಮೇಯರ್‌ಗೆ ‘ಬುರ್ಖೆಮೇಸ್ಟರ್’ ಅನ್ನುತ್ತಾರೆ, ಒತ್ತು ‘ಮೇ’ ಮೇಲೆ. ‘ಯಾವಾಗಲೂ’ ತೆಗೆದು ‘ಸಾಮಾನ್ಯವಾಗಿ’ ಹಾಕಿ. ಈ ಮೂರು ಪದ ಕೊಡಿ, ಸಾಕು.

ನಿಮ್ಮ ಒಳ್ಳೆಯ ಉದಾಹರಣೆ ಕೊನೆಯ ಪುಟದಲ್ಲಿ ಅಡಗಿದೆ. ಕಾಗದದ ಮೇಲೆ ಒಂದೇ ಕಾಗುಣಿತ (massagebed), ಓದುವ ಬಗೆ ಎರಡು. ‘ಮಸಾಝೆ-ಬೆಟ್’ ಎಂದು ಒಡೆದು ‘ಸಾ’ ಮೇಲೆ ಒತ್ತು ಕೊಟ್ಟರೆ ಅದು ಮಸಾಜ್ ಮಾಡುವ ಮಂಚ. ‘ಮಸ-ಖೆಬೆಟ್’ ಎಂದು ಒಡೆದು ಮೊದಲ ‘ಮ’ ಮೇಲೆ ಒತ್ತು ಕೊಟ್ಟರೆ ಸಾಮೂಹಿಕ ಪ್ರಾರ್ಥನೆ. ಲೇಖನ ಇಲ್ಲಿಂದಲೇ ಶುರುವಾಗಬೇಕು, ಅಲ್ವಾ? ಎಲ್ಲಿ ಒಡೆಯಬೇಕು, ಎಲ್ಲಿ ಒತ್ತು ಕೊಡಬೇಕು ಅನ್ನುವುದು ಸುಮ್ನೆ ವ್ಯಾಕರಣವಲ್ಲ ಅಂತ ಓದುಗರಿಗೆ ಮೊದಲ ಸಾಲಲ್ಲೇ ಗೊತ್ತಾಗುತ್ತದೆ.

ನೀವು ಕೊಟ್ಟಿರುವ ‘ಫೋರ್‌ಕೋಮೆನ್’ ಕ್ರಿಯಾಪದ. ಒತ್ತು ಮೊದಲಿಗೆ ಬಂದರೆ ‘ಕಂಡುಬರು’, ‘ಕೋ’ಗೆ ಬಂದರೆ ‘ತಡೆ’. ಸೊಗಸಾಗಿದೆ, ಆದರೆ ಅದರ ದಾರಿ ಬೇರೆ. ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ.

ಪದ ಪದದ ನಡುವೆ ಅಡ್ಡಗೆರೆ ಹಾಕಿ, ಒತ್ತು ಬೀಳುವ ಭಾಗವನ್ನು ದಪ್ಪ ಅಕ್ಷರದಲ್ಲಿ ಕೊಡಿ. ಅರ್ಧಕ್ಕೆ ಇಳಿಸಿ ಕಳಿಸಿ, ಖಂಡಿತ ಓದುತ್ತೇನೆ.

ಸಂಪಾದಕ