ಮೊದಲು ರೋಗದ ಹೆಸರು ಹೇಳಬೇಡಿ, ‘ಇವನಿಗೆ ಬೆವರು ಬರಲ್ಲ’ ಅನ್ನಿ

ಪ್ರಶ್ನೆ: ಮೇಡಂ, ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಮಗನಿಗೆ ನಾಲ್ಕು ವರ್ಷ. ಬಾಯಲ್ಲಿ ಮೇಲೆ ಎರಡೇ ಹಲ್ಲು, ಅವೂ ಮೊಳೆಯ ಥರ ಚೂಪು. ಕೆಳಗೆ ಒಂದೂ ಇಲ್ಲ. ತಲೆಗೂದಲು ತೆಳ್ಳಗೆ, ಹುಬ್ಬು ಇಲ್ಲ ಅಂತಲೇ ಹೇಳಬೇಕು. ಹುಟ್ಟಿದಾಗಿನಿಂದ ಬೇಸಿಗೆ ಬಂದರೆ ಸಾಕು, ಮೈ ಸುಡುತ್ತದೆ. ಮೂರು ಸಲ ಅಡ್ಮಿಟ್ ಮಾಡಿದ್ದೇವೆ, ಮೂರು ಸಲವೂ ರಕ್ತ ಪರೀಕ್ಷೆ, ಆಂಟಿಬಯೋಟಿಕ್. ಹೋದ ವರ್ಷ ಬೆಂಗಳೂರಿನ ಡಾಕ್ಟರು ‘ಹೈಪೊಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ’ ಅಂತ ಬರೆದುಕೊಟ್ಟರು. ಆ ಹೆಸರು ಹೇಳುವಷ್ಟರಲ್ಲಿ ನನ್ನ ನಾಲಿಗೆ ತೊಡರುತ್ತದೆ, ಇಲ್ಲಿನ ಡಾಕ್ಟರು ನನ್ನ ಮುಖ ನೋಡುತ್ತಾರೆ. ಒಬ್ಬರಂತೂ ‘ಫೋನ್ ನೋಡಿಕೊಂಡು ಬಂದು ನಮಗೆ ಪಾಠ ಹೇಳಬೇಡಮ್ಮ’ ಅಂದರು. ಹಲ್ಲಿನ ಡಾಕ್ಟರು ‘ಕೆಲವರಿಗೆ ತಡ, ಬರ್ತವೆ ಬಿಡಿ’ ಅಂದರು. ನನಗೂ ಚಿಕ್ಕಂದಿನಿಂದ ಎರಡು ಹಲ್ಲು ಹುಟ್ಟಿಲ್ಲ, ಅದಕ್ಕೇ ಅತ್ತೆ ನಿನ್ನಿಂದಲೇ ಬಂತು ಅನ್ನುತ್ತಾರೆ. ನಾನು ಓದಿದ್ದು ಪಿಯುಸಿ. ಇವರಿಗೆಲ್ಲ ಹೇಗೆ ಹೇಳಲಿ?
– ಒಬ್ಬ ತಾಯಿ

ಉತ್ತರ: ನಿಮ್ಮ ಪತ್ರ ಓದುವಾಗ ನನಗೆ ನೆನಪಾಗಿದ್ದು ಒಬ್ಬ ಅಜ್ಜಿ. ನಾನು ಮಕ್ಕಳ ವೈದ್ಯೆಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ದಿನಗಳು. ಏಪ್ರಿಲ್ ತಿಂಗಳು, ಎಂಟು ತಿಂಗಳ ಕೂಸು, 104 ಡಿಗ್ರಿ. ಅಜ್ಜಿ ಎರಡು ಸಲ ಹೇಳಿದರು, ‘ಇದಕ್ಕ ಬೆವರೇ ಬರಂಗಿಲ್ರೀ ಬಾಯಾರ’ ಅಂತ. ನಾನು ಹೂಂ ಅಂದು ಮತ್ತೆ ಆಂಟಿಬಯೋಟಿಕ್ ಬರೆದೆ. ಅದು ಯಾವ ಕಾಯಿಲೆ ಅಂತ ನನಗೆ ತಿಳಿದಿದ್ದು ಅವನಿಗೆ ಎರಡು ವರ್ಷವಾಗಿ ಚೂಪು ಹಲ್ಲು ಕಂಡ ಮೇಲೆ. ಆ ಅಜ್ಜಿ ಹೇಳಿದ್ದ ಒಂದು ವಾಕ್ಯದಲ್ಲಿ ಎಲ್ಲ ಇತ್ತು, ಕೇಳಿಸಿಕೊಳ್ಳಬೇಕಾದವಳು ನಾನು ಕೇಳಿಸಿಕೊಳ್ಳಲಿಲ್ಲ. ಹಾಗಾಗಿ ಡಾಕ್ಟರರ ಕಡೆಯಿಂದ ನಿಮಗೆ ಕ್ಷಮೆ ಕೇಳಿಯೇ ಮುಂದಿನದು ಹೇಳುತ್ತೇನೆ.

ಆ ಉದ್ದ ಹೆಸರಿನ ಅರ್ಥ ಇಷ್ಟೇ, ಬೆವರಿನ ಗ್ರಂಥಿ, ಕೂದಲು, ಹಲ್ಲು ಹುಟ್ಟಿನಿಂದಲೇ ಸರಿಯಾಗಿ ಬೆಳೆದಿಲ್ಲ ಅಂತ. ಅದನ್ನು ಬಾಯಲ್ಲಿ ಹೇಳಲು ಹೋಗಬೇಡಿ. ಹೆಸರು ಚೀಟಿಯಲ್ಲಿರಲಿ. ಬಾಗಿಲು ದಾಟಿದ ಕೂಡಲೇ ನೀವು ಹೇಳಬೇಕಾದ ಮೊದಲ ಮಾತು, ‘ಸರ್, ಇವನಿಗೆ ಹುಟ್ಟಿನಿಂದ ಬೆವರು ಬರಲ್ಲ, ಬೆವರಿನ ಗ್ರಂಥಿ ಸರಿಯಾಗಿ ಬೆಳೆದಿಲ್ಲ’. ಇದು ಯಾವ ಡಾಕ್ಟರಿಗೂ ಅರ್ಥವಾಗುತ್ತದೆ. ರೋಗದ ಹೆಸರು ಕೇಳಿದರೆ ಅವರು ಅದು ಏನಿರಬಹುದು ಅಂತ ಯೋಚಿಸುತ್ತಾರೆ. ಬೆವರು ಬರಲ್ಲ ಅಂದರೆ ಈಗ ಏನು ಮಾಡಬೇಕು ಅಂತ ಯೋಚಿಸುತ್ತಾರೆ. ನಿಮಗೆ ಬೇಕಿರುವುದು ಎರಡನೆಯದು ಅಲ್ವಾ?

ಯಾಕೆ ಅಂತ ನಿಮಗೂ ಗೊತ್ತಿರಲಿ, ಕೇಳಿದರೆ ಹೇಳಬಹುದು. ಮಣ್ಣಿನ ಗಡಿಗೆ ಒಸರುತ್ತದೆ, ಅದಕ್ಕೇ ಅದರ ನೀರು ತಂಪು. ಸ್ಟೀಲ್ ಕೊಡ ಒಸರುವುದಿಲ್ಲ, ಬಿಸಿಲಿಗಿಟ್ಟರೆ ಕಾಯುತ್ತಲೇ ಹೋಗುತ್ತದೆ. ನಿಮ್ಮ ಮಗ ಆ ಕೊಡದ ಹಾಗೆ. ಸೋಂಕು ತಗುಲಿ ಬರುವ ಜ್ವರದಲ್ಲಿ ಮೆದುಳೇ ಮೈ ಬಿಸಿಯನ್ನು ಏರಿಸುತ್ತದೆ, ಅದನ್ನು ಪ್ಯಾರಸಿಟಮಾಲ್ ಇಳಿಸುತ್ತದೆ. ಹೊರಗಿನ ಸೆಕೆಯಿಂದ ಮೈ ಕಾದರೆ ಆ ಔಷಧಿಗೆ ಅಲ್ಲಿ ಕೆಲಸವೇ ಇಲ್ಲ. ಒದ್ದೆ ಬಟ್ಟೆ, ಫ್ಯಾನು, ನೀರು ಇಷ್ಟೇ ಔಷಧಿ. ಕೊಡಕ್ಕೆ ಒದ್ದೆ ಗೋಣಿಚೀಲ ಸುತ್ತಿದ ಹಾಗೆ ಅವನಿಗೆ ಒದ್ದೆ ಬನಿಯನ್ ಹಾಕಿ, ಗಾಳಿಗೆ ಕೂರಿಸಿ. ಕರೆಂಟ್ ಹೋದರೆ ಬೀಸಣಿಗೆ, ನೀರು ಚಿಮ್ಮುವ ಬಾಟಲಿ. ಐಸ್ ಹಾಕಿ ನಡುಗಿಸುವುದು ಬೇಡ, ಸಾಮಾನ್ಯ ನೀರು ಸಾಕು.

ಆದರೆ ಒಂದು ಎಚ್ಚರಿಕೆ. ಮೈ ಕಾದದ್ದೆಲ್ಲ ಸೆಕೆ ಅಂದುಕೊಳ್ಳಬೇಡಿ. ಈ ಮಕ್ಕಳಿಗೆ ಮೂಗು, ಗಂಟಲಿನ ಒಳಗೂ ಒಣಗಿರುತ್ತದೆ. ಮೂಗಲ್ಲಿ ದಪ್ಪ ಹಕ್ಕಳೆ ಕಟ್ಟುವುದು, ಎದೆಯ ಸೋಂಕು, ದಮ್ಮು ಇವೆಲ್ಲ ಬೇರೆ ಮಕ್ಕಳಿಗಿಂತ ಜಾಸ್ತಿ. ತಂಪು ಮಾಡಿದ ಮೇಲೂ ಇಳಿಯದಿದ್ದರೆ, ಕೆಮ್ಮು ಉಬ್ಬಸ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಮಗು ಮಂಕಾದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ಕಾಯಬೇಡಿ, ದಾರಿಯುದ್ದಕ್ಕೂ ಒದ್ದೆ ಬಟ್ಟೆ ಹಾಕಿಕೊಂಡೇ ಆಸ್ಪತ್ರೆಗೆ ಓಡಿ. ಮೈ ಕಾವು ಮಿತಿಮೀರಿದರೆ ಮೆದುಳಿಗೆ ಪೆಟ್ಟು ಬೀಳುತ್ತದೆ, ಎಳೆಗೂಸುಗಳಲ್ಲಿ ಜೀವವೂ ಹೋಗುತ್ತದೆ.

ಈಗ ಚೀಟಿಯ ವಿಷಯ. ನೀವು ದಪ್ಪ ಫೈಲ್ ಹಿಡಿದು ಹೋಗುತ್ತೀರಿ ಅಂದುಕೊಂಡಿದ್ದೇನೆ, ಎಲ್ಲ ತಾಯಂದಿರೂ ಹಾಗೇ ಮಾಡುತ್ತಾರೆ. ರಾತ್ರಿ ಡ್ಯೂಟಿ ಡಾಕ್ಟರಿಗೆ ಅದನ್ನು ತಿರುವಿ ಹಾಕಲು ಸಮಯ ಇರುವುದಿಲ್ಲ. ಬೆಂಗಳೂರಿನ ಡಾಕ್ಟರ ಹತ್ತಿರ ಅವರ ಲೆಟರ್‌ಹೆಡ್ಡಿನಲ್ಲೇ, ಸಹಿ ಸೀಲು ಹಾಕಿಸಿ, ಒಂದೇ ಪುಟ ಬರೆಸಿಕೊಳ್ಳಿ. ಇಂಗ್ಲಿಷಿನಲ್ಲೇ ಇರಲಿ, ಎದುರಿಗಿರುವ ಡಾಕ್ಟರು ಕನ್ನಡದವರೇ ಆಗಿರಬೇಕು ಅಂತ ಇಲ್ಲವಲ್ಲ. ಅದರಲ್ಲಿ ಇರಬೇಕಾದ್ದು ಹೆಚ್ಚುಕಡಿಮೆ ಹೀಗೆ: ‘ಈ ಮಗುವಿಗೆ ಬೆವರುವ ಶಕ್ತಿ ಇಲ್ಲ. ಮೈ ಬಿಸಿಯಿದ್ದರೆ ಮೊದಲು ನೀರು ಮತ್ತು ಗಾಳಿಯಿಂದ ತಂಪು ಮಾಡಿ, ಜೊತೆಗೆ ಸೋಂಕು ಇದೆಯೇ ನೋಡಿ. ಬೆವರು, ಜೊಲ್ಲು ಒಣಗಿಸುವ ಔಷಧಿ ಕೊಡುವ ಮುನ್ನ ಯೋಚಿಸಿ. ಅರಿವಳಿಕೆ ಕೊಟ್ಟರೆ ಮೈ ಬಿಸಿಯನ್ನು ಉದ್ದಕ್ಕೂ ಅಳೆಯುತ್ತಿರಿ.’ ಕೆಳಗೆ ಆ ಡಾಕ್ಟರ ಫೋನ್ ನಂಬರ್. ‘ಇವರು ಬರೆದಿದ್ದಾರೆ ಸರ್, ಬೇಕಾದರೆ ಅವರಿಗೇ ಒಂದು ಫೋನ್ ಮಾಡಿ’ ಅಂದರೆ ಪಾಠ ಹೇಳಬೇಡ ಅನ್ನುವ ಮಾತೇ ಏಳುವುದಿಲ್ಲ. ನಾಲ್ಕು ಜೆರಾಕ್ಸ್ ಮಾಡಿಸಿ, ಒಂದು ಅಂಗನವಾಡಿಗೆ ಕೊಡಿ, ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲಿನಲ್ಲಿ ಇಡಿ.

ಒಣಗಿಸುವ ಔಷಧಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರಿವಳಿಕೆಯ ಹೊತ್ತಿಗೆ ಕೊಡುವ ಅಟ್ರೋಪಿನ್, ಹೊಟ್ಟೆನೋವಿಗೆ ಕೊಡುವ ಡೈಸೈಕ್ಲೊಮಿನ್, ನಿದ್ದೆ ಬರಿಸುವ ಕೆಲವು ಹಳೆಯ ನೆಗಡಿ ಔಷಧಿಗಳು ಬೆವರು, ಜೊಲ್ಲು ಎರಡನ್ನೂ ಕಡಿಮೆ ಮಾಡುತ್ತವೆ. ನಿಮ್ಮ ಮಗನಿಗೆ ಮೊದಲೇ ಇಲ್ಲ. ತುರ್ತಿನಲ್ಲಿ ಕೊಡಲೇಬೇಕಾದರೆ ಡಾಕ್ಟರು ಕೊಡಲಿ, ಗೊತ್ತಿದ್ದು ಕೊಡಲಿ. ಮೆಡಿಕಲ್ ಶಾಪಿನಲ್ಲಿ ಕೇಳಿ ನೆಗಡಿ ಸಿರಪ್ ತರುವುದನ್ನು ಮಾತ್ರ ಇವತ್ತೇ ಬಿಡಿ.

ಹಲ್ಲಿನ ಡಾಕ್ಟರಿಗೆ ಬೇರೆ ಮಾತು ಬೇಕು. ‘ಬರ್ತವೆ ಬಿಡಿ’ ಅಂದವರಿಗೆ ಜಗಳ ಮಾಡದೆ ಒಂದೇ ಕೇಳಿ: ‘ಒಪಿಜಿ ಎಕ್ಸ್‌ರೇ ತೆಗೆದು ನೋಡೋಣವೇ?’ ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ ಎಕ್ಸ್‌ರೇ ಅದು. ವಸಡಿನೊಳಗೆ ಯಾವ ಹಲ್ಲಿನ ಮೊಳಕೆ ಇದೆ, ಯಾವುದು ಇಲ್ಲ ಅಂತ ಗೊತ್ತಾಗುತ್ತದೆ. ದೊಡ್ಡವರಿಗೆ 32 ಹಲ್ಲು ಅಂತೀವಲ್ಲ, ಈ ಕಾಯಿಲೆ ಪೂರ್ತಿಯಾಗಿ ಇರುವವರಲ್ಲಿ ಸರಾಸರಿ ಒಂಬತ್ತು ಶಾಶ್ವತ ಹಲ್ಲು ಮಾತ್ರ ಬರುತ್ತವೆ. ಕಾಯುತ್ತಾ ಕೂತರೆ ಮಗು ಅಗಿಯುವುದು, ಸರಿಯಾಗಿ ಮಾತಾಡುವುದು ಕಲಿಯುವ ವರ್ಷಗಳೇ ಕಳೆದುಹೋಗುತ್ತವೆ.

ಆ ಎರಡು ಚೂಪು ಹಲ್ಲು ಚೆನ್ನಾಗಿಲ್ಲ ಅಂತ ಯಾರಾದರೂ ಕೀಳಲು ಹೊರಟರೆ ದಯವಿಟ್ಟು ತಡೆಯಿರಿ. ಅವು ಬಂಗಾರ. ಹಲ್ಲು ಇರುವ ಕಡೆ ದವಡೆಯ ಮೂಳೆ ಉಳಿಯುತ್ತದೆ, ಇಲ್ಲದ ಕಡೆ ಅದು ತೆಳ್ಳಗಾಗಿಯೇ ಇರುತ್ತದೆ. ಮೇಲೆ ಕಟ್ಟುವ ಹಲ್ಲಿನ ಸೆಟ್ಟಿಗೂ ಅವೇ ಆಸರೆ. ಕಾಂಪೋಸಿಟ್ ಅನ್ನುವ ಹಲ್ಲಿನ ಬಣ್ಣದ ಪದಾರ್ಥ ಹಚ್ಚಿ ಅವಕ್ಕೆ ಹಲ್ಲಿನ ರೂಪ ಕೊಡಬಹುದು. ನಾಲ್ಕು ವರ್ಷದ ಮಗುವಿಗೆ ಸೆಟ್ಟೇ ಅಂತ ಜನ ಬಾಯಿ ಬಿಡುತ್ತಾರೆ, ಬಿಡಲಿ. ಈ ವಯಸ್ಸಿನಲ್ಲೇ ಹಾಕಬಹುದು, ಹಾಕಬೇಕು ಕೂಡ. ದವಡೆ ಬೆಳೆದಂತೆ ಬದಲಾಯಿಸುತ್ತಿರಬೇಕು. ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೇ ಕೂರಿಸುವ ಹಲ್ಲನ್ನು ಸಾಮಾನ್ಯವಾಗಿ ದವಡೆಯ ಬೆಳವಣಿಗೆ ಮುಗಿದ ಮೇಲೆ ಹಾಕುತ್ತಾರೆ, ಈಗಲೇ ಆ ಖರ್ಚಿಗೆ ಕೈ ಹಾಕಬೇಡಿ. ಜೊಲ್ಲು ಕಡಿಮೆ ಇರುವುದರಿಂದ ಇರುವ ಹಲ್ಲು ಬೇಗ ಹುಳುಕಾಗುತ್ತದೆ, ಹುಳುಕು ತಡೆಯಲು ಹಚ್ಚುವ ಫ್ಲೋರೈಡ್ ಬಗ್ಗೆ ಕೇಳಿ. ಮಕ್ಕಳ ಹಲ್ಲಿನ ವಿಭಾಗ ಮತ್ತು ಕಟ್ಟುವ ಹಲ್ಲಿನ ವಿಭಾಗ ಎರಡೂ ಒಂದೇ ಕಡೆ ಇರುವ ಡೆಂಟಲ್ ಕಾಲೇಜಿಗೆ ಹೋಗಿ. ನಿಮಗೆ ಬಳ್ಳಾರಿಯ ಸರ್ಕಾರಿ ಡೆಂಟಲ್ ಕಾಲೇಜು ಹತ್ತಿರ. ಆ ಒಂದು ಪುಟದ ಚೀಟಿ ಅಲ್ಲಿಗೂ ಬೇಕು, ಬೆಳಗಿನ ತಂಪು ಹೊತ್ತಿನ ಸಮಯ ಕೇಳಿ.

ಇನ್ನು ಅತ್ತೆಯ ಮಾತು. ಈ ಕಾಯಿಲೆಯ ಹೆಚ್ಚಾಗಿ ಕಾಣುವ ಬಗೆಯಲ್ಲಿ ದೋಷ ಎಕ್ಸ್ ಕ್ರೋಮೋಸೋಮಿನ ಇಡಿಎ ಅನ್ನುವ ಜೀನ್‌ನಲ್ಲಿ ಇರುತ್ತದೆ. ಎಕ್ಸ್ ಹೆಂಗಸರಿಗೆ ಎರಡು, ಗಂಡಸರಿಗೆ ಒಂದೇ; ಹಾಗಾಗಿ ತಾಯಿಯಲ್ಲಿ ಸುಮ್ನೆ ಅಡಗಿದ್ದು ಮಗನಲ್ಲಿ ಪೂರ್ತಿ ಕಾಣಿಸಿಕೊಳ್ಳಬಹುದು. ನಿಮಗೆ ಹುಟ್ಟದ ಎರಡು ಹಲ್ಲು ಅದರ ಗುರುತಿರಬಹುದು. ಅದು ತಪ್ಪಲ್ಲ, ಯಾರೂ ಆರಿಸಿಕೊಂಡದ್ದಲ್ಲ. 1875ರಲ್ಲೇ ಚಾರ್ಲ್ಸ್ ಡಾರ್ವಿನ್ ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದ ಬಗ್ಗೆ ಬರೆದಿದ್ದಾರೆ: ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಕೆಲವೇ ಹಲ್ಲು, ಮೈಮೇಲೆ ಕೂದಲು ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ, ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಅವರ ಗಂಡುಮಕ್ಕಳಿಗೆ ಮತ್ತೆ ಬರುತ್ತದೆ. ನಿಮ್ಮ ಪತ್ರದಲ್ಲಿ ಇರುವುದೂ ಇದೇ ಅಲ್ವಾ? ನಿಮ್ಮ ಹಲ್ಲಿನ ವಿಷಯವನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಅದು ಅವರಿಗೆ ದೊಡ್ಡ ಸುಳಿವು. ಸಂಬಂಧದಲ್ಲೇ ಮದುವೆಯಾಗಿದ್ದರೆ ಅದನ್ನೂ ಹೇಳಿ, ಯಾಕೆಂದರೆ ತಂದೆ ತಾಯಿ ಇಬ್ಬರಿಂದಲೂ ಬರುವ ಇನ್ನೊಂದು ಬಗೆ ಇದೆ. ಎರಡನೇ ಮಗುವಿನ ಯೋಚನೆ ಇದ್ದರೆ ಮೊದಲು ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಗಂಡ ಹೆಂಡತಿ ಇಬ್ಬರೂ ಹೋಗಿ ಮಾತಾಡಿ. ಅತ್ತೆಯನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.

ಈ ಕಾಯಿಲೆ ತಾನಾಗಿ ಮಗನ ಬುದ್ಧಿಗೆ ಏನೂ ಮಾಡುವುದಿಲ್ಲ. ಮೈ ಕಾಯದಂತೆ ನೋಡಿಕೊಂಡರೆ ಅವನು ಎಲ್ಲರ ಹಾಗೆ ಓದುತ್ತಾನೆ, ಬೆಳೆಯುತ್ತಾನೆ.

ಪ್ರಶ್ನೆ: ನಾನು ಹಾಸನದ ಕಡೆ ದಂತವೈದ್ಯ. ಐದು ವರ್ಷದ ಹುಡುಗ ಬಂದಿದ್ದ, ಮುಂದಿನ ಹಲ್ಲು ಎರಡೇ, ಚೂಪು. ಮನೆಯವರಿಗೆ ಹಲ್ಲಿನದ್ದೇ ಚಿಂತೆ. ಬೇರೇನಾದರೂ ಕೇಳಬೇಕಿತ್ತೇ?

ಉತ್ತರ: ಕೇಳಬೇಕಿತ್ತು ಡಾಕ್ಟ್ರೇ, ‘ಬೆವರು ಬರುತ್ತಾ?’ ಅಂತ. ಎಷ್ಟೋ ಸಲ ಈ ಕಾಯಿಲೆ ಮೊದಲು ಕಾಣುವುದು ಹಲ್ಲಿನ ಕುರ್ಚಿಯಲ್ಲಿ, ಯಾಕೆಂದರೆ ಜ್ವರ ನೋಡುವ ನಾವು ಬಾಯಿ ಸರಿಯಾಗಿ ನೋಡುವುದಿಲ್ಲ. ಹುಬ್ಬು ನೋಡಿ, ಕೂದಲು ನೋಡಿ, ಅಂಗೈ ಒಣಗಿದೆಯೇ ಮುಟ್ಟಿ ನೋಡಿ, ತಾಯಿಯ ಹಲ್ಲನ್ನೂ ಒಮ್ಮೆ ನೋಡಿ. ಅನುಮಾನ ಬಂದರೆ ಮಕ್ಕಳ ವೈದ್ಯರಿಗೆ ಎರಡು ಸಾಲು ಬರೆದುಕೊಡಿ. ಆ ಹುಡುಗನ ಮನೆಗೆ ಫೋನ್ ಮಾಡಿ, ಮಾರ್ಚ್ ಬರುವ ಮುಂಚೆ ಮತ್ತೆ ಕರೆಸಿ.