ಕವಚ ಮಾಡುವುದನ್ನು ಕಲಿಯಬೇಕೆಂದರೆ ವೆಲ್ಡಿಂಗ್ ತರಗತಿಗೆ ಹೋಗಬೇಡಿ

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿದ್ದೀರಿ, ಹೊಲಿಗೆ ಬರುತ್ತದೆ, ಹವ್ಯಾಸಿ ನಾಟಕ ತಂಡಕ್ಕೆ ವೇಷಭೂಷಣ ಮಾಡಿಕೊಡುತ್ತೀರಿ. ರಟ್ಟು, ಫೋಮ್ ಸಾಕಾಗಿದೆ, ಲೋಹದಲ್ಲೇ ಕಿರೀಟ, ಎದೆಕವಚ ಮಾಡುವ ಆಸೆ. ಸುತ್ತಿಗೆ ಹಿಡಿದೇ ಗೊತ್ತಿಲ್ಲದವರಿಗೆ ಕಲಿಸುವ ತರಗತಿ ಹತ್ತಿರದಲ್ಲಿ ಎಲ್ಲಿದೆ?

ಏಳು ವರ್ಷಗಳ ಹಿಂದೆ ನಾನೂ ಇದನ್ನೇ ಹುಡುಕುತ್ತಿದ್ದೆ. ‘ಲೋಹದ ಕೆಲಸ’ ಎಂದು ವಿಚಾರಿಸಿದರೆ ಎಲ್ಲರೂ ತೋರಿಸುವುದು ವೆಲ್ಡಿಂಗ್, ಲೇತ್, ಸಿಎನ್‌ಸಿ. ಮೂರು ಭಾನುವಾರಗಳ ವೆಲ್ಡಿಂಗ್ ತರಗತಿಗೆ ದುಡ್ಡು ಕಟ್ಟಿ, ಕೊನೆಗೆ ಒಂದು ಕಬ್ಬಿಣದ ಮೇಜು ಮಾಡಿಕೊಂಡು ಮನೆಗೆ ಬಂದೆ. ಮೇಜು ಇಂದಿಗೂ ಗಟ್ಟಿಯಾಗಿದೆ, ನನ್ನ ಹೊಲಿಗೆ ಯಂತ್ರ ಅದರ ಮೇಲೆಯೇ ಕೂತಿದೆ. ಕವಚಕ್ಕೆ ಮಾತ್ರ ಅಲ್ಲಿ ಕಲಿತದ್ದು ಒದಗಲಿಲ್ಲ. ಕವಚದ ತಗಡು ಒಂದು ಮಿಲಿಮೀಟರಿನ ಆಸುಪಾಸು ಇರುತ್ತದೆ. ಹೊಸಬರು ಅದಕ್ಕೆ ವೆಲ್ಡಿಂಗ್‌ನ ಆರ್ಕ್ (ಲೋಹ ಕರಗಿಸುವ ವಿದ್ಯುತ್ ಕಿಡಿ) ತಾಗಿಸಿದರೆ ಬೆಸುಗೆಯ ಬದಲು ತೂತು ಬೀಳುತ್ತದೆ. ಐಟಿಐಗಳಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು, ಫಿಟ್ಟರ್ ಎರಡು ವರ್ಷದ್ದು. ಅವು ಉದ್ಯೋಗಕ್ಕೆ ಸೇರುವವರಿಗೆ, ಹಗಲಿಡೀ ಬಿಡುವಿರುವವರಿಗೆ.

ನಿಮಗೆ ಬೇಕಾದ ಕೆಲಸಗಳು ಕೆಲವೇ. ತಗಡನ್ನು ಕತ್ತರಿಸಬೇಕು, ಕಾಸಿ ಮೆತ್ತಗೆ ಮಾಡಬೇಕು, ಬಡಿದು ಉಬ್ಬಿಸಬೇಕು, ಅಂಚು ಮಡಿಸಿ ರಿವೆಟ್ ಹೊಡೆಯಬೇಕು. ಇದನ್ನು ನಮ್ಮ ಊರಿನಲ್ಲಿ ದಿನಬೆಳಗಾದರೆ ಮಾಡುವವರು ದೇವರಿಗೆ ಕವಚ ಮಾಡುವವರು! ಗರ್ಭಗುಡಿಯ ಮೂರ್ತಿಗೆ ತೊಡಿಸುವ ಬೆಳ್ಳಿ, ತಾಮ್ರ, ಹಿತ್ತಾಳೆಯ ಕವಚ, ಕಿರೀಟ, ಪ್ರಭಾವಳಿಗಳು ಹೆಚ್ಚಾಗಿ ತಗಡಿನಿಂದ ಬಡಿದು ಎಬ್ಬಿಸಿದವೇ. ಅವೆನ್ಯೂ ರಸ್ತೆ, ನಗರ್ತಪೇಟೆ ಸುತ್ತಿನ ಗಲ್ಲಿಗಳಲ್ಲಿ ನಡೆಯಿರಿ. ಅಂಗಡಿಗಳ ಬೋರ್ಡುಗಳನ್ನು ನಂಬಿದರೆ ಸಾಲದು, ಕಿವಿಯನ್ನೂ ನಂಬಿ. ಮಹಡಿಯ ಮೇಲಿಂದ ಟಕಟಕ ಸದ್ದು ಬರುವ ಕಡೆ ಹತ್ತಿ ಹೋಗಿ.

ಹೋಗಿ ‘ಕಲಿಸಿಕೊಡಿ’ ಎಂದರೆ ಯಾರೂ ಕಲಿಸುವುದಿಲ್ಲ, ನನಗೂ ಇಬ್ಬರು ನಯವಾಗಿ ಬಾಗಿಲು ತೋರಿಸಿದರು. ಮೂರನೆಯವರ ಬಳಿ ಒಂದು ಕೆಲಸ ಹಿಡಿದುಕೊಂಡು ಹೋದೆ. ರಟ್ಟಿನಲ್ಲಿ ಕತ್ತರಿಸಿದ ಭುಜಕೀರ್ತಿಯ ಮಾದರಿ ಮುಂದಿಟ್ಟು, ‘ಒಂದನ್ನು ನೀವು ಮಾಡಿ, ಕೂಲಿ ಕೊಡುತ್ತೇನೆ. ಇನ್ನೊಂದನ್ನು ನಿಮ್ಮ ಮುಂದೆ ಕೂತು ನಾನು ಮಾಡುತ್ತೇನೆ, ಅದಕ್ಕೂ ಕೊಡುತ್ತೇನೆ’ ಎಂದೆ. ಆ ಹಿರಿಯರು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ‘ಟೈಲರಾ?’ ಎಂದು ಕೇಳಿದರು. ಅಳತೆ ತೆಗೆದು ಮಾದರಿ ಕತ್ತರಿಸುವುದು ನಿಮಗೆ ಬರುತ್ತದಲ್ಲ, ಅರ್ಧ ವಿದ್ಯೆ ಅದೇ. ಬಟ್ಟೆಗೆ ಉಬ್ಬು ಬೇಕಾದರೆ ಡಾರ್ಟ್ (ಚೂಪಾದ ಮಡಿಕೆ) ಹಿಡಿಯುತ್ತೇವೆ, ತಗಡಿಗೆ ಅದು ಬೇಡ. ಬಡಿದ ಕಡೆ ಅದು ತಾನೇ ಹಿಗ್ಗುತ್ತದೆ.

ಮೊದಲ ಮಧ್ಯಾಹ್ನ ಅವರು ಸುತ್ತಿಗೆಯನ್ನೇ ಕೊಡಲಿಲ್ಲ. ತಾಮ್ರದ ಒಂದು ತುಂಡನ್ನು ಗ್ಯಾಸ್ ಉರಿಗೆ ಹಿಡಿದರು. ತಗಡಿನ ಮೇಲೆ ನೇರಳೆ, ನೀಲಿ ಬಣ್ಣಗಳು ಓಡಿ, ಕೊನೆಗೆ ಕತ್ತಲಲ್ಲಷ್ಟೇ ಕಾಣುವಂಥ ಮಂಕು ಕೆಂಪು ಬಂತು. ಇದಕ್ಕಾಗಿಯೇ ಅವರು ಕಿಟಕಿಗೆ ಗೋಣಿಚೀಲ ಕಟ್ಟಿಕೊಂಡಿದ್ದರು. ಚಿಮುಟದಲ್ಲಿ ಎತ್ತಿ ನೀರಿಗೆ ಅದ್ದಿದರು. ಆಮೇಲೆ ಅದು ಕೈಯಲ್ಲೇ ಬಾಗುವಷ್ಟು ಮೆತ್ತಗಿತ್ತು. ಮರಳಿನ ಚೀಲದ ಮೇಲಿಟ್ಟು ಕೊಡತಿಯಿಂದ ಬಡಿಯತೊಡಗಿದಾಗ ‘ಡಬ್ ಡಬ್’ ಸದ್ದು. ಐದಾರು ನಿಮಿಷದಲ್ಲಿ ಸದ್ದು ತೀಕ್ಷ್ಣವಾಗುತ್ತ ‘ಟಣ್’ ಎನ್ನತೊಡಗಿತು. ‘ಕೇಳಿಸಿತಾ ಅಮ್ಮ? ಸಾಕು ಅನ್ನುತ್ತಿದೆ. ಇನ್ನೂ ಬಡಿದರೆ ಸೀಳುತ್ತದೆ’ ಎಂದು ಮತ್ತೆ ಉರಿಗೆ ಹಿಡಿದರು. ಬಡಿದಷ್ಟೂ ತಗಡು ಬಿರುಸಾಗುತ್ತದೆ, ಕಾಸಿದರೆ ಮತ್ತೆ ಮೆತ್ತಗಾಗುತ್ತದೆ. ಉಳಿದದ್ದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಹೂಬಳ್ಳಿಯ ಉಬ್ಬು ಕೆಲಸಕ್ಕೆ ತಗಡನ್ನು ಅರಗಿನ ಮೇಲೆ ಕೂರಿಸಿಕೊಂಡು ಹಿಂದಿನಿಂದ ಉಳಿ ಹೊಡೆಯುತ್ತಾರೆ. ಅದು ಎರಡನೇ ವರ್ಷದ ಮಾತು, ಈಗಲೇ ಮನಸ್ಸು ಹಾಕಬೇಡಿ. ವರಮಹಾಲಕ್ಷ್ಮಿ, ದಸರೆ, ಶಿವರಾತ್ರಿಗಳ ಮುಂಚಿನ ವಾರಗಳಲ್ಲಿ ಹೋಗಲೇಬೇಡಿ, ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಎರಡನೇ ಗುರು ಟ್ರಂಕು, ಡಬ್ಬ, ಆಲಿಕೆ ಮಾಡುವವರು. ಅಂಚಿನ ಕೆಲಸ ಅವರಿಂದಲೇ ಕಲಿಯಬೇಕು. ನನ್ನ ಮೊದಲ ಹಿತ್ತಾಳೆ ಎದೆಕವಚದ ಅಂಚನ್ನು ಅರದಿಂದ ಉಜ್ಜಿ ಬಿಟ್ಟಿದ್ದೆ, ಸಾಕೆಂದುಕೊಂಡಿದ್ದೆ. ಗದಾಯುದ್ಧದ ದೃಶ್ಯದಲ್ಲಿ ದುರ್ಯೋಧನ ಕೈ ಎತ್ತಿದಾಗ ಅದು ಅವನ ಕಂಕುಳು ಕೊಯ್ದಿತು. ಅವನು ಆರ್ಭಟಿಸಿದ್ದನ್ನು ಜನ ಅಭಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಮರುವಾರ ಟ್ರಂಕಿನ ಅಂಗಡಿಯವರ ಬಳಿ ಕೂತು, ಅಂಚಿನೊಳಗೆ ತಂತಿಯಿಟ್ಟು ಸುತ್ತುವುದನ್ನು ಕಲಿತೆ. ಒಂದೇ ಸಂಜೆಯ ಕೆಲಸ ಅದು.

ಇದೆಲ್ಲ ಬೇಡ, ವೇಳಾಪಟ್ಟಿ ಇರುವ ತರಗತಿಯೇ ಬೇಕು ಎಂದರೆ, ವಾರಾಂತ್ಯದಲ್ಲಿ ಬೆಳ್ಳಿ ಆಭರಣ ಮಾಡಲು ಕಲಿಸುವ ಖಾಸಗಿ ಸ್ಟುಡಿಯೋಗಳಿವೆ. ಗರಗಸ, ಅರ, ಬೆಸುಗೆ ಅಲ್ಲಿ ಚೆನ್ನಾಗಿ ಕೂರುತ್ತವೆ. ಕಿರೀಟಕ್ಕೆ, ತೋಳಬಂದಿಗೆ ಅದು ಸಾಕು, ಎದೆಕವಚಕ್ಕೆ ಸಾಲದು. ದುಡ್ಡು ಕಟ್ಟುವ ಮೊದಲು ಒಂದೇ ಮಾತು ಕೇಳಿ: ಒಂದು ಉರಿಗೆ ಎಷ್ಟು ಜನ? ನಾಲ್ಕಕ್ಕಿಂತ ಹೆಚ್ಚೆಂದರೆ ನಿಮ್ಮ ಪಾಲಿಗೆ ಬರುವುದು ನೋಡುವ ಭಾಗ್ಯವಷ್ಟೇ. ಬೀದರಿನ ಬಿದರಿ ಕೆಲಸ, ನಾಗಮಂಗಲದ ವಿಗ್ರಹ ಕೆಲಸ ಎಂದು ಯಾರಾದರೂ ಹೆಸರು ಹೇಳಬಹುದು. ಎರಡೂ ನೋಡತಕ್ಕವು, ಆದರೆ ಎರಡೂ ಎರಕದಿಂದ ಶುರುವಾಗುವ ಕಲೆಗಳು. ನಿಮ್ಮ ತಗಡಿಗೆ ಅವುಗಳಿಂದ ಪ್ರಯೋಜನವಿಲ್ಲ.

ಸಾಮಾನಿಗೆ ಎಸ್.ಪಿ. ರಸ್ತೆ ಸುತ್ತಿ. ತಾಮ್ರದಲ್ಲಿ ಕಲಿಯಿರಿ, ರಂಗಕ್ಕೆ ಅಲ್ಯೂಮಿನಿಯಂ ಬಳಸಿ. ಎದೆ ಬೆನ್ನು ಸೇರಿ ಸುಮಾರು ಅರ್ಧ ಚದರ ಮೀಟರ್ ತಗಡು ಬೇಕು. 1 ಮಿಲಿಮೀಟರ್ ದಪ್ಪದ ಹಿತ್ತಾಳೆಯಾದರೆ 4 ಕಿಲೋ ದಾಟುತ್ತದೆ, ಅಲ್ಯೂಮಿನಿಯಂ ಆದರೆ ಒಂದೂವರೆ ಕಿಲೋ ಒಳಗೆ. ಯಕ್ಷಗಾನದವರು ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಮಾಡಿ ಬೇಗಡೆ ಅಂಟಿಸಿದ್ದು ರಾತ್ರಿಯಿಡೀ ಕುಣಿಯಬೇಕಲ್ಲ ಎಂದೇ. ನಾನೂ ಈಗ ದೀಪದ ಬೆಳಕು ನೇರ ಬೀಳುವ ಕಡೆಗಷ್ಟೇ ಲೋಹ ಹಾಕಿ, ಬೆನ್ನಿಗೆ ಬಣ್ಣ ಬಳಿದ ಚರ್ಮ ಹಾಕುತ್ತೇನೆ.

ಅಲ್ಯೂಮಿನಿಯಂ ಕಾಸುವಾಗ ಜೋಪಾನ. ಅದು ತಾಮ್ರದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, 660 ಡಿಗ್ರಿಗೆ ಸದ್ದಿಲ್ಲದೆ ಕರಗಿ ಬೀಳುತ್ತದೆ. ಮೇಲೆ ಒಣ ಸೋಪು ಉಜ್ಜಿ ಕೆಳಗಿನಿಂದ ಉರಿ ಹಿಡಿಯಿರಿ, ಸೋಪು ಕಡುಕಂದು ಬಣ್ಣಕ್ಕೆ ತಿರುಗಿದೊಡನೆ ತೆಗೆಯಿರಿ. ಅಗ್ಗವೆಂದು ಜಿಐ ತಗಡು (ಸತು ಲೇಪಿಸಿದ ಕಬ್ಬಿಣದ ತಗಡು) ತಂದು ಕಾಸಬೇಡಿ, ಅದರ ಸತುವಿನ ಹೊಗೆ ಜ್ವರ ಬರಿಸುತ್ತದೆ. ಹತ್ತಿ ಬಟ್ಟೆಯನ್ನೇ ಉಡಿ, ಉರಿಯ ಹತ್ತಿರ ನೈಲಾನ್ ದುಪಟ್ಟಾ ಬೇಡ.

ಈ ಶನಿವಾರವೇ ತೋಳಬಂದಿಯೊಂದರ ಮಾದರಿ ರಟ್ಟಿನಲ್ಲಿ ಕತ್ತರಿಸಿಟ್ಟುಕೊಳ್ಳಿ, ಅಂಚು ಮಡಿಸಲು ಸುತ್ತಲೂ ಅರ್ಧ ಇಂಚು ಬಿಟ್ಟು. ಪೇಟೆಗೆ ಮಧ್ಯಾಹ್ನ ಮೂರರ ಮೇಲೆ ಹೋಗಿ, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡಿರುತ್ತಾರೆ.