ಸಕ್ಕಿಂಗ್ ಗಾಡಿ ಎಲ್ಲವನ್ನೂ ಎಳೆದುಕೊಂಡು ಹೋಗುತ್ತಲ್ಲ, ಮಲಕೆಸರು ಸಂಸ್ಕರಣಾ ಘಟಕ ಬೇರೆ ಯಾಕೆ?

ಶೌಚದ ಗುಂಡಿಗಳಿಂದ ಗಾಡಿ ಎಳೆದು ತಂದ ಕೆಸರನ್ನು (ಮಲಕೆಸರು) ಶುದ್ಧಮಾಡುವ ಘಟಕವನ್ನು ನಿಮ್ಮೂರ ಅಂಚಿನಲ್ಲಿ ಪುರಸಭೆಯವರು ಕಟ್ಟಲು ಹೊರಟಿದ್ದಾರೆ, ವಾಸನೆ ಬರುತ್ತದೆಂದು ಅಕ್ಕಪಕ್ಕದವರು ವಿರೋಧಿ ಅರ್ಜಿ ಬರೆದಿದ್ದಾರೆ, ಸಹಿ ಹಾಕಲೋ ಬೇಡವೋ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ.

ನಮ್ಮ ಬಡಾವಣೆಗೂ ಯುಜಿಡಿ, ಅಂದರೆ ಒಳಚರಂಡಿ, ಬಂದಿಲ್ಲ. ಪಿಟ್ ತುಂಬಿದಾಗ ಗಾಡಿಗೆ ಫೋನ್ ಮಾಡಿ, ದುಡ್ಡು ಕೊಟ್ಟು, ಗೇಟು ಹಾಕಿಕೊಳ್ಳುತ್ತಿದ್ದೆವು. ಒಂದು ದಿನ ಬೆಳಗಿನ ಜಾವ ವಾಕಿಂಗ್ ಹೋದಾಗ ಅಂಥದೇ ಗಾಡಿ ಕೆರೆಗೆ ಸೇರುವ ಕಾಲುವೆಗೆ ಪೈಪು ಬಿಟ್ಟು ನಿಂತಿತ್ತು. ಆ ಕೆರೆಯ ಕೆಳಗೇ ನಮ್ಮ ಬೋರ್‌ವೆಲ್. ಡ್ರೈವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸುರಿಯಲು ಊರು ಅವನಿಗೆ ಬೇರೆ ಜಾಗ ತೋರಿಸಿರಲೇ ಇಲ್ಲ.

ಗುಂಡಿಯಲ್ಲಿ ಕೊಳೆತದ್ದರಿಂದ ಇನ್ನೇನು ಅಪಾಯ ಎನ್ನುವವರಿದ್ದಾರೆ. ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕುತ್ತದೆ. ಕೆಸರಿನಿಂದ ಅಂತರ್ಜಲಕ್ಕೆ ಸೇರಿದ ನೈಟ್ರೇಟ್ ಎಂಬ ಲವಣ, ನೀರನ್ನು ಕುದಿಸಿದರೂ ಹೋಗುವುದಿಲ್ಲ. ಬೆಂಗಳೂರಿನ ಸುತ್ತ ಬಾಳೆ, ತೆಂಗಿನ ತೋಟದವರು ಈ ಕೆಸರನ್ನು ಕೇಳಿ ಹಾಕಿಸಿಕೊಳ್ಳುವುದುಂಟು, ಅದರಲ್ಲಿ ಸಾರಜನಕ, ರಂಜಕ ಇರುವುದೂ ನಿಜ. ಹಸಿಹಸಿಯಾಗಿ ಹಾಕುವುದೇ ತೊಂದರೆ.

ಆಗುವುದಾದರೆ ದೇವನಹಳ್ಳಿಗೆ ಹೋಗಿ ನೋಡಿಬನ್ನಿ. ಆಗ ಒಳಚರಂಡಿಯಿಲ್ಲದಿದ್ದ ಆ ಪಟ್ಟಣದಲ್ಲಿ 2015ರಲ್ಲೇ ಇಂಥ ಘಟಕ ಶುರುವಾಯಿತು. ದಿನಕ್ಕೆ 6,000 ಲೀಟರ್ ಸಾಮರ್ಥ್ಯ, ಅಂದರೆ ಸುಮಾರು ಎರಡು ಗಾಡಿ, ಅಷ್ಟೇ. ಕೆಸರು ಮೊದಲು ಮುಚ್ಚಿದ ತೊಟ್ಟಿಗಳಲ್ಲಿ ಗಾಳಿಯಿಲ್ಲದೆ ಕೊಳೆಯುತ್ತದೆ, ಆಮೇಲೆ ಮರಳು ಜಲ್ಲಿಯ ಹಾಸಿನ ಮೇಲೆ ಒಣಗುತ್ತದೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಯ ತೊಟ್ಟಿಯ ಮೂಲಕ ಸೋಸಿ ಬರುತ್ತದೆ. ಒಣಗಿದ್ದನ್ನು ಊರಿನ ಹಸಿಕಸದ ಜೊತೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಗೊಬ್ಬರದ ರಾಶಿಯೊಳಗೆ ಕಾವು ಏರಿ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ಆ ಜಂತುಹುಳುವಿನ ಮೊಟ್ಟೆಗಳೂ ಸಾಯುತ್ತವೆ. ಗಾಡಿ ಖಾಲಿ ಮಾಡುವಾಗ ವಾಸನೆ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಕಾಲುವೆಯಲ್ಲಿ ಅದು ಊರಿಡೀ ಹರಿಯುತ್ತದಲ್ಲ!

ಯುಜಿಡಿ ಬಂದಮೇಲೆ ಘಟಕ ವ್ಯರ್ಥ ಎಂಬ ಮಾತನ್ನೂ ಒಪ್ಪಲಾರೆ. ಪೈಪು ತಲುಪುವ ಮೊದಲೇ ಹೊಸ ಲೇಔಟು ಎದ್ದಿರುತ್ತದೆ. ಒಳಚರಂಡಿ ನೀರು ಶುದ್ಧಮಾಡುವ ಎಸ್‌ಟಿಪಿಯ ತಳದಲ್ಲೂ ಕೆಸರು ಉಳಿದೇ ಉಳಿಯುತ್ತದೆ.

ನಿಮ್ಮ ಗುಂಡಿಯನ್ನೂ ಒಮ್ಮೆ ವಿಚಾರಿಸಿ. ಸೆಪ್ಟಿಕ್ ಟ್ಯಾಂಕ್ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಬರೀ ರಿಂಗ್ ಇಳಿಸಿದ, ತಳವಿಲ್ಲದ ಗುಂಡಿಗಳು. ಹದಿನೈದು ವರ್ಷವಾದರೂ ತುಂಬಿಲ್ಲವೆಂದು ಹಿಗ್ಗುತ್ತಾರೆ, ಎಲ್ಲಿ ಇಂಗಿತು ಎಂದು ಯೋಚಿಸುವುದಿಲ್ಲ. ಸರಿಯಾದ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಮನುಷ್ಯನನ್ನು ಮಾತ್ರ ಒಳಗೆ ಇಳಿಸಬೇಡಿ. ಒಳಗಿನ ವಿಷಗಾಳಿ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ, ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯೂ ನಿಷೇಧಿಸಿದೆ.

ಪುರಸಭೆಯ ಸಭೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ: ಖಾಸಗಿ ಗಾಡಿಗಳು ಘಟಕಕ್ಕೇ ಬಂದು ಸುರಿಯುವಂತೆ ಲೆಕ್ಕ ಇಡುವವರು ಯಾರು? ಗುತ್ತಿಗೆದಾರ ಬಿಟ್ಟುಹೋದ ಮೇಲೆ ಘಟಕ ನಡೆಸುವವರು ಯಾರು?